ರೋಬೋ ನಾಯಿ ಮತ್ತು ನಮ್ಮ ಮೊದಲ ನೋಟ

ಕೇಳುಗರೇ, ನಮಸ್ಕಾರ.

ಮುಖ ನೋಡಿ ಒಬ್ಬರನ್ನು ಅಳೆಯಲು ನಮಗೆ ಎಷ್ಟು ಹೊತ್ತು ಬೇಕು? ಸೆಕೆಂಡಿನ ಹತ್ತನೇ ಒಂದು ಪಾಲು ಸಾಕು. 2006ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ತೋರಿಸಿಕೊಟ್ಟರು. ಇನ್ನು ಆ ವ್ಯಕ್ತಿಯ ತೊಡೆಯ ಮೇಲೆ ರೋಬೋ ನಾಯಿ ಕೂತಿದ್ದರೆ, ನಾವು ಮುಖವನ್ನೂ ಸರಿಯಾಗಿ ನೋಡುವುದಿಲ್ಲ.

ನಿಜವಾದ ನಾಯಿ ಸಾಕಿದವರನ್ನು ಕಂಡರೆ ಒಳ್ಳೆ ಮನಸ್ಸಿನವರು ಅಂದುಕೊಳ್ಳುತ್ತೇವೆ. ಅದಕ್ಕೆ ಊಟ ಹಾಕಬೇಕು, ಸುತ್ತಾಡಿಸಬೇಕು, ಹುಷಾರು ತಪ್ಪಿದರೆ ನಿದ್ದೆಗೆಡಬೇಕು. ರೋಬೋ ನಾಯಿಗೆ ಚಾರ್ಜ್ ಮಾಡಿದರೆ ಆಯ್ತು, ಬೇಡವೆಂದರೆ ಆಫ್ ಮಾಡಬಹುದು. ಹಾಗಾಗಿ ಅದನ್ನು ಸಾಕಿದವರ ಬಗ್ಗೆ ಮಾತೇ ಬೇರೆ. ಹುಡುಗನಾದರೆ ದುಡ್ಡು ಜಾಸ್ತಿಯಾಗಿದೆ ಅನ್ನುತ್ತೇವೆ. ವಯಸ್ಸಾದವರಾದರೆ, ಪಾಪ, ಯಾರೂ ಇಲ್ಲವೇನೋ ಅನ್ನುತ್ತೇವೆ.

ಆಫ್ ಮಾಡಬಹುದಾದದ್ದರ ಮೇಲೆ ಅಕ್ಕರೆ ಹುಟ್ಟುವುದಿಲ್ಲ ಅಂತೀರಾ? ಸೋನಿ ಕಂಪನಿಯ ಐಬೋ ನಾಯಿ 1999ರಲ್ಲಿ ಬಂತು. 2006ರಲ್ಲಿ ತಯಾರಿಕೆ ನಿಂತಿತು, ಆಮೇಲೆ ಕಂಪನಿಯ ರಿಪೇರಿಯೂ ನಿಂತಿತು. ಆಗ ಜಪಾನಿನ ಇಸುಮಿಯ ಬೌದ್ಧ ದೇವಾಲಯವೊಂದರಲ್ಲಿ ಕೆಟ್ಟುಹೋದ ಐಬೋಗಳಿಗೆ ಅಂತ್ಯಸಂಸ್ಕಾರ ಶುರುವಾಯಿತು. ಸಾಲಾಗಿ ಕೂರಿಸಿದ ನಾಯಿಗಳಿಗೆ ಯಾವ ಊರು, ಯಾವ ಮನೆ ಎಂದು ಬರೆದ ಚೀಟಿ ಕಟ್ಟಿದ್ದರು. ಎದುರಿಗೆ ಭಿಕ್ಷುಗಳ ಮಂತ್ರ. ಆಮೇಲೆ ಅವುಗಳ ಬಿಡಿಭಾಗ ಬಿಚ್ಚಿ ಬೇರೆ ಐಬೋಗಳ ರಿಪೇರಿಗೆ ಬಳಸುತ್ತಿದ್ದರು. ಇದನ್ನು ಸುಮ್ನೆ ಹುಚ್ಚು ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಪಾರೋ. ಇದು ಸೀಲ್ ಮರಿಯ ರೂಪದ, ಬಿಳಿ ತುಪ್ಪಳದ ರೋಬೋ. ಬೆನ್ನು ಸವರಿದರೆ ತಲೆ ಎತ್ತುತ್ತದೆ, ಕಣ್ಣು ಮಿಟುಕಿಸುತ್ತದೆ, ಸಣ್ಣಗೆ ಕೂಗುತ್ತದೆ. ಮರೆವಿನ ಕಾಯಿಲೆ ಇರುವವರ ಆರೈಕೆಯಲ್ಲಿ ಇದನ್ನು ಬಳಸುತ್ತಾರೆ. ಆದರೆ ಅಜ್ಜಿಯೊಬ್ಬರು ಅದನ್ನು ತಬ್ಬಿ ಕೂತಿದ್ದಾಗ ನೋಡಲು ಬಂದವರ ದನಿಯೇ ಬದಲಾಗಿಬಿಡುತ್ತದೆ. ಮಗುವಿನ ಹತ್ತಿರ ಮಾತಾಡಿದ ಹಾಗೆ ರಾಗ ಎಳೆಯುತ್ತಾರೆ. ಇಲ್ಲವೇ, ಅವರ ಎದುರಲ್ಲೇ ಅವರ ವಿಷಯವನ್ನು ನರ್ಸ್ ಹತ್ತಿರ ಕೇಳುತ್ತಾರೆ. ಇದು ಅನ್ಯಾಯ ಅಲ್ವಾ? ಆ ಅಜ್ಜಿ ಜೀವನವಿಡೀ ಮನೆ ನಡೆಸಿದವರಿರಬಹುದು, ಪಾಠ ಹೇಳಿದವರಿರಬಹುದು.

ಇಂಥವರು ಎದುರಾದರೆ ದಯವಿಟ್ಟು ಅವರನ್ನೇ ಮಾತಾಡಿಸಿ. ಇದಕ್ಕೇನು ಹೆಸರಿಟ್ಟಿದ್ದೀರಿ, ನಿಜವಾದ ಪ್ರಾಣಿ ಬಿಟ್ಟು ಇದನ್ನೇಕೆ ಸಾಕಿದಿರಿ ಎಂದು ಕೇಳಿ. ಪ್ರಾಣಿಗಳ ಕೂದಲು ಆಗಿಬರುವುದಿಲ್ಲ ಎಂದು ಒಬ್ಬರು ಹೇಳಬಹುದು. ಬಾಡಿಗೆ ಮನೆಯಲ್ಲಿ ಸಾಕಲು ಬಿಡುವುದಿಲ್ಲ ಎಂದು ಇನ್ನೊಬ್ಬರು. ಮತ್ತೊಬ್ಬರು ತೀರಿಹೋದ ತಮ್ಮ ನಾಯಿಯ ಹೆಸರನ್ನೇ ಹೇಳಬಹುದು. ಆಗ ಅವಸರ ಮಾಡಬೇಡಿ, ಅವರ ಮಾತು ಮುಗಿಯುವ ತನಕ ಕೂತು ಕೇಳಿ.

ನಮಸ್ಕಾರ.