ಅತ್ತೆಯ ಕೈ ಸರಿಯಾಗೇ ಇದೆ

ಕೇಳುಗರಿಗೆ ನಮಸ್ಕಾರ. ಕಾರವಾರದ ಮೀನು ಪೇಟೆಯ ಅಕ್ಕಂದಿರಿಂದ ಹಿಡಿದು ಶಿರಸಿಯ ತೋಟದ ಮನೆಯವರ ತನಕ ಎಲ್ಲರ ಕೈಯಲ್ಲೂ ಈಗ ಮೊಬೈಲ್ ಇದೆ. ನಾನು ಹೇಳುವುದು ಒಂದೇ ಮಾತು. ಅದರ ಗುಂಡಿ ಒತ್ತುವಾಗ ತಪ್ಪಾಯಿತೆಂದು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ತಪ್ಪು ಆ ಗುಂಡಿ ಮಾಡಿದವರದು.

ಶಿರಸಿ ಹತ್ತಿರ ನಮ್ಮ ಅತ್ತೆಯ ಮನೆ. ಅಡಿಕೆ ಸುಲಿಯುವ ಕಾಲ. ಅತ್ತೆ ಮೆಟ್ಟುಗತ್ತಿಯ ಮೇಲೆ ಕೂತಿದ್ದರು, ಬೆರಳೆಲ್ಲ ಚೊಗರು. ಕರೆಂಟ್ ಬಿಲ್ಲು ನೆನಪಾಯಿತು. ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದರು, ದುಡ್ಡು ಕಳಿಸುವ ಗುಂಡಿ ಒತ್ತಿದರು. ಪರದೆ ಇದ್ದ ಹಾಗೇ ಇತ್ತು. ನಮ್ಮ ಕಡೆ ನೆಟ್‌ವರ್ಕ್ ಗೊತ್ತಲ್ವಾ? ಮತ್ತೊಮ್ಮೆ ಒತ್ತಿದರು. ಎರಡು ಸಲ ದುಡ್ಡು ಹೋಯಿತು! "ತಮಾ, ಯಂಗೆ ಇದೆಲ್ಲಾ ಬತ್ತಿಲ್ಲೆ. ಯನ್ನ ಕೈಯೇ ಸರಿ ಇಲ್ಲೆ" ಅಂದರು. ಕಣ್ಣಲ್ಲಿ ನೀರು.

ನನಗೆ ಬಹಳ ಸಿಟ್ಟು ಬಂತು, ಆ ಆ್ಯಪ್ ಮೇಲೆ. ಅದೇ ಕೈ ಅಲ್ವಾ, ಎಷ್ಟೋ ವರ್ಷದಿಂದ ಹರಿತವಾದ ಕತ್ತಿಯಲ್ಲಿ ಚಕಚಕನೆ ಅಡಿಕೆ ಸುಲಿಯುತ್ತಿರುವುದು? ಮೆಟ್ಟುಗತ್ತಿ ಮಾಡಿದವನು ಕೂರುವವರ ಮೈ ನೋಡಿ ಮಾಡಿದ. ಕತ್ತಿ ಎದುರಿಗೆ ನೆಟ್ಟಗೆ ನಿಂತಿದೆ, ಎರಡೂ ಕೈ ಬಿಡುವಾಗಿವೆ. ಆ್ಯಪ್ ಮಾಡಿದವರು "ಒತ್ತಿದ್ದೀರಿ, ಸ್ವಲ್ಪ ತಾಳಿ" ಎಂದು ಒಂದು ಸಾಲು ತೋರಿಸಿದ್ದರೆ ಸಾಕಿತ್ತು. ಒತ್ತಿದ ಸುಮಾರು 0.1 ಸೆಕೆಂಡಿನೊಳಗೆ ಏನಾದರೂ ಕಂಡರೆ, ಒತ್ತಿದ ಕೂಡಲೇ ಉತ್ತರ ಬಂತೆಂದು ಮನಸ್ಸಿಗೆ ಅನ್ನಿಸುತ್ತದೆ.

ಇದು ಪೈಲಟ್‌ಗಳಿಗೂ ಆಗಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನ ಇಳಿಸಿದ ಮೇಲೆ, ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂದಿನ ಮಡಚುವ ಪಟ್ಟಿ, ಎತ್ತುವ ಬದಲು ಚಕ್ರವನ್ನೇ ಎತ್ತಿಬಿಡುತ್ತಿದ್ದರು. ವಿಮಾನ ಹೊಟ್ಟೆಯ ಮೇಲೆ ಕೂರುತ್ತಿತ್ತು. ಪೈಲಟ್ ತಪ್ಪು ಅಂದರು ಎಲ್ಲರೂ. ಆಲ್ಫಾನ್ಸ್ ಚಪಾನಿಸ್ ಎಂಬ ಮನಃಶಾಸ್ತ್ರಜ್ಞ ಹೋಗಿ ನೋಡಿದರೆ, ಎರಡೂ ಸ್ವಿಚ್ ಒಂದೇ ಥರ, ಅಕ್ಕಪಕ್ಕ! ಚಕ್ರದ ಹಿಡಿಗೆ ಚಕ್ರದ ಆಕಾರ ಕೊಡಿಸಿದರು. ಕತ್ತಲಲ್ಲೂ ಕೈಗೆ ಗೊತ್ತಾಗುತ್ತಿತ್ತು.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಗುಂಡಿ ಚಿಕ್ಕದಾದಷ್ಟೂ, ದೂರ ಇದ್ದಷ್ಟೂ ಮುಟ್ಟುವುದು ನಿಧಾನ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಇದನ್ನು 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಮೊಬೈಲಿನ ಗುಂಡಿ ಸುಮಾರು 9 ಮಿಲಿಮೀಟರ್ ಆದರೂ ಇರಬೇಕು. ಊರಿನ ಮಕ್ಕಳು ಎಷ್ಟೋ ಜನ ಬೆಂಗಳೂರಲ್ಲಿ ಸಾಫ್ಟ್‌ವೇರ್ ಮಾಡುತ್ತಾರೆ. ದಯವಿಟ್ಟು ಹಬ್ಬಕ್ಕೆ ಬಂದಾಗ ನೀವು ಮಾಡಿದ್ದನ್ನು ಅಜ್ಜಿಯ ಕೈಗೆ ಕೊಟ್ಟು, ಸುಮ್ನೆ ಪಕ್ಕದಲ್ಲಿ ಕೂತು ನೋಡಿ. ಬಾಯಿ ಹಾಕಬೇಡಿ. ಅಜ್ಜಿ ಎಲ್ಲಿ ನಿಂತರೋ ಅಲ್ಲಿ ಗುರುತು ಹಾಕಿಕೊಂಡು ಹೋಗಿ, ಸರಿಮಾಡಿ.

ನಮಸ್ಕಾರ.