ಚುಚ್ಚುಮದ್ದಿನ ನಂತರದ ಹಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಡಾಕ್ಟರು ಮೊಲೆಯೊಳಗೆ ಟ್ಯೂಬ್ ಔಷಧಿ ಬಿಟ್ಟರು. ಎರಡು ಮೂರು ದಿನಕ್ಕೆ ಬಾವು ಇಳಿಯಿತು, ಹಾಲು ಮೊದಲಿನ ಹಾಗೆ ಬಂತು. ಇನ್ನು ಡೈರಿಗೆ ಹಾಕಬಹುದಾ? ಔರಾದ್, ಭಾಲ್ಕಿ ಕಡೆ ಹೈನು ಸಾಕುವ ಯಾವ ಮನೆಯಲ್ಲೂ ಏಳುವ ಪ್ರಶ್ನೆ ಇದು.

ಹಾಲು ನೋಡಿದರೆ ಗೊತ್ತಾಗುವುದಿಲ್ಲ, ಕುಡಿದರೂ ಗೊತ್ತಾಗುವುದಿಲ್ಲ. ಆದರೆ ಆ ಔಷಧಿಯ ಆಂಟಿಬಯೋಟಿಕ್, ಅಂದರೆ ಪೆನಿಸಿಲಿನ್‌ನಂಥ ರೋಗಾಣು ಕೊಲ್ಲುವ ಮದ್ದು, ಅದರಲ್ಲಿ ಉಳಿದಿರಬಹುದು. ಕುದಿಸಿದರೆ ಹೋಗುತ್ತಲ್ವಾ ಅಂತೀರಿ. ಕುದಿಸಿದರೆ ರೋಗಾಣು ಸಾಯುತ್ತವೆ, ಔಷಧಿ ಪೂರ್ತಿ ಹೋಗುವುದಿಲ್ಲ. ಪೆನಿಸಿಲಿನ್ ಒಗ್ಗದವರಿಗೆ ಅಷ್ಟೇ ಸಾಕು, ಮೈಯೆಲ್ಲ ದದ್ದು ಏಳಬಹುದು. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಕೂರುವುದಿಲ್ಲ.

ಹಾಲಿನಲ್ಲಿ ಔಷಧಿ ಇದೆಯೇ ಎಂದು ನೋಡುವ ಒಂದು ವಿಧಾನ ಬಹಳ ಚಂದ. ಸಣ್ಣ ಕೊಳವೆಯಲ್ಲಿ ಶಾಖ ತಡೆಯುವ ಒಂದು ಜಾತಿಯ ಬ್ಯಾಕ್ಟೀರಿಯಾ, ಜೊತೆಗೆ ನೇರಳೆ ಬಣ್ಣ ಇರುತ್ತದೆ. ಅದಕ್ಕೆ ಹಾಲಿನ ಹನಿ ಬಿಟ್ಟು ಸುಮಾರು 64 ಡಿಗ್ರಿ ಶಾಖದಲ್ಲಿ ಮೂರು ಗಂಟೆಯಷ್ಟು ಇಡುತ್ತಾರೆ. ಹಾಲು ಶುದ್ಧವಾಗಿದ್ದರೆ ಬ್ಯಾಕ್ಟೀರಿಯಾ ಬೆಳೆದು ಹುಳಿ ಬಿಡುತ್ತದೆ, ನೇರಳೆ ಹಳದಿಯಾಗುತ್ತದೆ. ಔಷಧಿ ಇದ್ದರೆ ಬ್ಯಾಕ್ಟೀರಿಯಾ ಏಳುವುದೇ ಇಲ್ಲ, ಬಣ್ಣ ಹಾಗೇ ನಿಲ್ಲುತ್ತದೆ. ಕೆಲವೇ ನಿಮಿಷದಲ್ಲಿ ಹೇಳುವ ಪರೀಕ್ಷೆಯ ಸ್ಟ್ರಿಪ್ಪುಗಳೂ ಬಂದಿವೆ. ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಮಿತಿ ಒಂದು ಕಿಲೋ ಹಾಲಿಗೆ 4 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ನಾಲ್ಕು ಪಾಲು!

ಆದರೆ ಈ ಬಣ್ಣದ ಪರೀಕ್ಷೆ ಅನುಮಾನ ಹೇಳುವ ಪರೀಕ್ಷೆ ಅಷ್ಟೇ. ಯಾವ ಔಷಧಿ, ಎಷ್ಟಿದೆ ಅನ್ನುವುದಕ್ಕೆ ದೊಡ್ಡ ಲ್ಯಾಬೇ ಬೇಕು. ಬಾವು ಬಂದ ಕೆಚ್ಚಲಿನ ಹಾಲು, ಗಿಣ್ಣು ಹಾಲು ಔಷಧಿ ಇಲ್ಲದೆಯೂ ಒಮ್ಮೊಮ್ಮೆ ಬಣ್ಣ ಬದಲಾಗದಂತೆ ತಡೆಯುತ್ತವೆ. ಇನ್ನೊಂದು ತೊಂದರೆ, ಟ್ಯಾಂಕರಿನಲ್ಲಿ ನೂರಾರು ಮನೆಯ ಹಾಲು ಬೆರೆತಿರುತ್ತದೆ. ಒಂದು ಹಸುವಿನ ಔಷಧಿ ಅದರಲ್ಲಿ ಕರಗಿ ಸಿಗದೇ ಹೋಗಬಹುದು. ಸಿಕ್ಕರೆ ಎಲ್ಲರ ಹಾಲೂ ಹೋಯಿತು. ಹಾಗಾಗಿ ಯಾವ ಯಂತ್ರಕ್ಕಿಂತಲೂ ಔಷಧಿ ಕೊಟ್ಟ ದಿನ ಕೊಟ್ಟಿಗೆಯ ಗೋಡೆ ಮೇಲೆ ಬರೆದ ತಾರೀಖನ್ನೇ ನಾನು ಜಾಸ್ತಿ ನಂಬುತ್ತೇನೆ.

ಹಾಲನ್ನು ಎಷ್ಟು ದಿನ ಬಳಸದೆ ಬಿಡಬೇಕು ಅನ್ನುವುದು ಔಷಧಿಯ ಲೇಬಲ್ಲಿನಲ್ಲಿರುತ್ತದೆ. ಅವಧಿ ನಿಗದಿಯಾಗಿರದ ಔಷಧಿಗೆ ನಮ್ಮ ದೇಶದ ನಿಯಮ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಕೋಳಿ, ಕುರಿಯ ಮಾಂಸಕ್ಕೆ 28 ದಿನ ಎನ್ನುತ್ತದೆ. ಎಣಿಕೆ ಕೊನೆಯ ಡೋಸಿನಿಂದ, ಮೊದಲನೆಯದರಿಂದಲ್ಲ. ಔಷಧಿ ಬಿಟ್ಟಿದ್ದು ಒಂದೇ ಮೊಲೆಗೆ ಎಂದು ಉಳಿದ ಮೂರನ್ನು ಕರೆದು ಹಾಕುವವರಿದ್ದಾರೆ. ಔಷಧಿ ರಕ್ತದ ಮೂಲಕ ಉಳಿದವಕ್ಕೂ ಹೋಗುತ್ತದೆ, ನಾಲ್ಕರ ಹಾಲೂ ಬೇಡ.

ಆ ಹಾಲನ್ನು ಕರುವಿಗೆ ಕುಡಿಸುವುದು ರೂಢಿ. ಅದೂ ಬೇಡ. ಔಷಧಿಗೆ ಬಗ್ಗದ ರೋಗಾಣು ಕರುವಿನ ಹೊಟ್ಟೆಯಲ್ಲಿ ಬೆಳೆಯುತ್ತವೆ. ಬಾವಿ, ಹಳ್ಳದಿಂದ ದೂರ ಗುಂಡಿ ತೆಗೆದು ಸುರಿಯಿರಿ. ಒಂದು ವಾರದ ಹಾಲಿನ ದುಡ್ಡು ಹೋಗುವುದು ಸಣ್ಣ ಮಾತಲ್ಲ, ಗೊತ್ತು. ಅದಕ್ಕೇ ಸೂಜಿ ಚುಚ್ಚುವ ಮೊದಲೇ ಡಾಕ್ಟರನ್ನು ಕೇಳಿ, ಇದಕ್ಕೆ ಹಾಲು ಎಷ್ಟು ದಿನ ಬಿಡಬೇಕು, ಕಡಿಮೆ ದಿನದ್ದು ಬೇರೆ ಇದೆಯಾ ಅಂತ. ನಮಸ್ಕಾರ.