ಮುಖ ಆಮೇಲೆ ನೋಡಿ, ಮೊದಲು ಹಿಂದಲೆ ನೋಡಿ

ನಮಸ್ಕಾರ. ಇವತ್ತಿನ ಮಾತು ಕೆಲವರಿಗೆ ಬೇಜಾರು ತರಬಹುದು. ಮೊದಲೇ ಹೇಳಿಬಿಡುತ್ತೇನೆ.

"ನಮ್ಮ ಹತ್ತಿರ ಪಿಂಗಾಣಿ ಗೊಂಬೆ ಇದೆ, ಎಷ್ಟಕ್ಕೆ ಹೋಗಬಹುದು?" ಅಂತ ಕೇಳುವವರು ಮೊದಲು ತೋರಿಸುವುದು ಗೊಂಬೆಯನ್ನಲ್ಲ, ಸರ್ಟಿಫಿಕೇಟನ್ನು. ಚಿನ್ನದ ಬಣ್ಣದ ಅಕ್ಷರ, ಕೆಳಗೆ ಒಂದು ಸಹಿ, 'ಲಿಮಿಟೆಡ್ ಎಡಿಷನ್'. ನನಗೆ ಅದನ್ನು ನೋಡಿದ ಕೂಡಲೇ ಆಸೆ ಅರ್ಧ ಇಳಿಯುತ್ತದೆ.

ಯಾಕೆ ಅಂದರೆ, 1980, 90ರ ದಶಕದಲ್ಲಿ ಇಂಥ ಗೊಂಬೆಗಳನ್ನು ಸಂಗ್ರಹಕ್ಕೆಂದೇ ರಾಶಿ ರಾಶಿ ಮಾಡಿದರು. ಎಷ್ಟೋ ಸಲ 'ಲಿಮಿಟೆಡ್' ಅಂದರೆ ಇಷ್ಟೇ ಗೊಂಬೆ ಅಂತ ಅಲ್ಲ, ಇಷ್ಟು ದಿನ ಮಾತ್ರ ಭಟ್ಟಿ ಉರಿಸುತ್ತೇವೆ ಅಂತ. ಅಷ್ಟು ದಿನದಲ್ಲಿ ಎಷ್ಟು ಬೇಕಾದರೂ ಸುಡಬಹುದು, ಅಲ್ವಾ? ಕೊಂಡವರೂ ಡಬ್ಬಿಯಿಂದ ಆಚೆ ತೆಗೆಯಲಿಲ್ಲ. ಹಾಗಾಗಿ ಒಂದೂ ಹಾಳಾಗಲಿಲ್ಲ. ಹಳೇ ಗೊಂಬೆ ಅಪರೂಪ ಆಗಿದ್ದು ಮಕ್ಕಳು ಆಡಿ, ಬೀಳಿಸಿ, ಒಡೆದು ಹಾಕಿದ್ದರಿಂದ!

ಸರಿ, ಹಳೇದು ಅಂತ ಗುರುತಿಸೋದು ಹೇಗೆ? ಕೆನ್ನೆ ಮುಟ್ಟಿ ನೋಡಿ. ಟೀ ಕಪ್ಪಿನ ಹಾಗೆ ಹೊಳೆದು ಜಾರಿದರೆ ಮೆರುಗು ಕೊಟ್ಟ ಪಿಂಗಾಣಿ. 1840ರ ದಶಕದಿಂದ ಜರ್ಮನಿಯಲ್ಲಿ ಇಂಥ ತಲೆಗಳನ್ನು ಮಾಡುತ್ತಿದ್ದರು. ಹೊಳಪಿಲ್ಲದೆ, ಚರ್ಮದ ಹಾಗೆ ಮಂಕಾಗಿದ್ದರೆ ಅದು ಬಿಸ್ಕ್, ಅಂದರೆ ಮೆರುಗು ಕೊಡದ ಪಿಂಗಾಣಿ. ಸಂಗ್ರಹಕಾರರು ಬೀಳುವುದು ಹೆಚ್ಚಾಗಿ ಇದಕ್ಕೇ.

ಈಗ ವಿಗ್ ಸ್ವಲ್ಪ ಮೇಲೆತ್ತಿ ಹಿಂದಲೆ ನೋಡಿ. ಅಕ್ಷರ, ಅಂಕಿ ಕೊರೆದಿರುತ್ತದೆ. ಎಲ್ಲರೂ ಎಡವುವುದು ಇಲ್ಲೇ. 1894 ಅಂತ ಕಂಡರೆ ಸಾಕು, ಇಸವಿ ಅಂತ ಖುಷಿಪಡುತ್ತಾರೆ. ಅದು ಆರ್ಮಾಂಡ್ ಮಾರ್ಸೆಲ್ ಕಂಪನಿಯ ಅಚ್ಚಿನ ನಂಬರ್. ಸೈಮನ್ ಅಂಡ್ ಹಾಲ್ಬಿಗ್‌ ಕಂಪನಿಯ ಒಂದು ಬಗೆಯ ಗೊಂಬೆಯ ಮೇಲೆ 1079 ಅಂತ ಇರುತ್ತದೆ. ಅದನ್ನೂ ಇಸವಿ ಅಂತೀರಾ? 'ಜರ್ಮನಿ' ಅಂತ ದೇಶದ ಹೆಸರು ಇದ್ದರೆ ಅದು ನಿಜವಾದ ಸುಳಿವು. ಹೊರಗಿಂದ ಬರುವ ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಹಾಗಾಗಿ ಅಂಥ ಗೊಂಬೆ ಸಾಮಾನ್ಯವಾಗಿ ಅದರ ಈಚಿನದು. ಹೆಸರಿಲ್ಲ ಅಂದಮಾತ್ರಕ್ಕೆ ಅದಕ್ಕಿಂತ ಹಳೇದು ಅಂತ ಮಾತ್ರ ಹಾರಬೇಡಿ.

ಅಂದಹಾಗೆ, ಮಾರ್ಸೆಲ್ ಅಂತ ಹೆಸರು ಕೇಳಿ ಫ್ರಾನ್ಸಿನದು ಅಂದುಕೊಳ್ಳುವವರು ಬಹಳ. ಕಾರ್ಖಾನೆ ಇದ್ದದ್ದು ಜರ್ಮನಿಯ ತುರಿಂಗಿಯಾದಲ್ಲಿ. ಅವರ 390 ನಂಬರಿನ ಗೊಂಬೆ ಎಲ್ಲಿ ನೋಡಿದರೂ ಸಿಗುತ್ತದೆ. ನೂರು ವರ್ಷ ಹಳೇದು, ನಿಜ. ಆದರೂ ಬೆಲೆ ಏರುವುದಿಲ್ಲ. ಫ್ರಾನ್ಸಿನ ಜುಮೋ, ಬ್ರೂ ಗೊಂಬೆಗಳ ಲೆಕ್ಕವೇ ಬೇರೆ. ಬಾಯಿ ಮುಚ್ಚಿರುವ ಗೊಂಬೆಗೆ, ಹಲ್ಲು ಕಾಣುವ ಗೊಂಬೆಗಿಂತ ಸಾಮಾನ್ಯವಾಗಿ ಜಾಸ್ತಿ ಕೊಡುತ್ತಾರೆ. ಇನ್ನೊಂದು ತಮಾಷೆ ಇದೆ. 1909ರಿಂದ ಜರ್ಮನಿಯ ಕೆಮರ್ ಅಂಡ್ ರೈನ್‌ಹಾರ್ಟ್‌ನವರು ನಿಜವಾದ ಮಕ್ಕಳ ಹಾಗೆ ಮುನಿಸಿಕೊಂಡ, ಯೋಚಿಸುವ ಮುಖಗಳನ್ನು ಮಾಡಿದರು. ಆಗ ಕೆಲವು ಹೆಚ್ಚು ಹೋಗಲೇ ಇಲ್ಲ, ಜನಕ್ಕೆ ಮುದ್ದು ಮುಖವೇ ಬೇಕಿತ್ತು. ಈಗ ಆ ಮುನಿಸಿನ ಮುಖಗಳಿಗೇ ಪೈಪೋಟಿ.

ಇನ್ನು ನಾನು ಪೆಟ್ಟು ತಿಂದ ಕಥೆ. ಒಂದು ಸಲ ಒಳ್ಳೇ ಗೊಂಬೆ ಸಿಕ್ಕಿತು. ಮುಖ ನೋಡಿ ಮರುಳಾದೆ, "ಏನೂ ಬಿರುಕಿಲ್ಲ" ಅಂತ ಮಾರಿದವರು ಹೇಳಿದ್ದನ್ನು ನಂಬಿದೆ. ಮನೆಗೆ ತಂದು, ನೆತ್ತಿಯ ಮೇಲಿದ್ದ ರಟ್ಟಿನ ಮುಚ್ಚಳ ತೆಗೆದು, ಕತ್ತಲಲ್ಲಿ ಒಳಗೆ ಟಾರ್ಚ್ ಹಾಕಿದೆ. ಕೆನ್ನೆ ಕಿತ್ತಳೆ ಬಣ್ಣಕ್ಕೆ ಬೆಳಗಿತು, ಎಷ್ಟು ಚೆಂದ ಅಂದರೆ ಎರಡು ಕ್ಷಣ ಸುಮ್ನೆ ನೋಡಿದೆ. ಆಮೇಲೆ ಕಂಡಿತು: ಕಿವಿಯ ಹಿಂದಿನಿಂದ ಹಣೆಯವರೆಗೆ ಕೂದಲೆಳೆಯಂಥ ಕಪ್ಪು ಗೆರೆ. ಬೆಳಕಿಲ್ಲದೆ ಬೆರಳಿಗೂ ಸಿಗದ ಗೆರೆ. ಅದೊಂದಕ್ಕೇ ಬೆಲೆ ಅರ್ಧಕ್ಕಿಂತ ಕೆಳಗೆ ಬಿತ್ತು. ಹಣೆಯ ಮೇಲಿನ ಬಿರುಕು, ಕುತ್ತಿಗೆಯ ಅಂಚಿನ ಚಿಕ್ಕ ಚಕ್ಕೆ, ಎರಡೂ ಒಂದೇ ಅಲ್ಲ. ಕುತ್ತಿಗೆಯದು ಬಟ್ಟೆ ಕೆಳಗೆ ಮುಚ್ಚಿಹೋಗುತ್ತದೆ.

ನಕಲಿಯೂ ಇದೆ. ಹಳೇ ತಲೆಯಿಂದಲೇ ಅಚ್ಚು ತೆಗೆದರೆ ಗುರುತಿನ ನಂಬರೂ ಜೊತೆಗೇ ಬಂದುಬಿಡುತ್ತದೆ. ನನಗಂತೂ ತೀರಾ ನುಣ್ಣಗೆ, ಒಂದು ಚುಕ್ಕೆಯೂ ಇಲ್ಲದೆ ಇದ್ದರೆ ಅನುಮಾನ. ಹಳೆಯದರಲ್ಲಿ ಎಷ್ಟೋ ಸಲ ಭಟ್ಟಿಯ ಧೂಳಿನ ಕಪ್ಪು ಚುಕ್ಕೆ ಒಂದೆರಡು ಇರುತ್ತದೆ, ಒಳ್ಳೇ ಗೊಂಬೆಯ ಹುಬ್ಬಲ್ಲಿ ಒಂದೊಂದು ಕೂದಲನ್ನೂ ಬೇರೆ ಬೇರೆ ಗೀರಿ ಬರೆದಿರುತ್ತಾರೆ.

ಬೆಲೆ ಕಟ್ಟುವಾಗ, ಮಾರುವವರು ಹೇಳುವ ರೇಟು ನೋಡಬೇಡಿ. ಹೇಳೋಕೆ ಏನು, ಯಾರು ಎಷ್ಟು ಬೇಕಾದರೂ ಹೇಳಬಹುದು. ಹರಾಜಿನಲ್ಲಿ ಅದೇ ಅಚ್ಚು, ಅದೇ ಎತ್ತರ, ಅದೇ ಸ್ಥಿತಿಯದು ಕೊನೆಗೆ ಎಷ್ಟಕ್ಕೆ ಹೋಯಿತು ಅಂತ ಹುಡುಕಿ.

ಮತ್ತೆ ದಯವಿಟ್ಟು, ಮಾರುವ ಮುಂಚೆ ಗೊಂಬೆಗೆ ಹೊಸ ಬಟ್ಟೆ ತೊಡಿಸಬೇಡಿ. ಆ ಹರಿದ ಲಂಗ, ಬಣ್ಣ ಹೋದ ಶೂ ಮೊದಲಿನಿಂದ ಇದ್ದದ್ದೇ ಆದರೆ ಅದಕ್ಕೂ ಬೆಲೆ ಇದೆ. ವಿಗ್ ಅಂಟಿಕೊಂಡಿದ್ದರೆ ಕೀಳಲೂಬೇಡಿ. ಹಳೇ ಅಂಟು ಬಿಡುವಾಗ ಬಿಸ್ಕ್‌ನ ಮೇಲ್ಪದರವನ್ನೂ ಕಿತ್ತುಕೊಂಡು ಬರಬಹುದು.